ಅಂಟಿಸುವ ಕೆಲಸ

ಅಂಗಡಿಯಲ್ಲಿ ಸಿಗುವ ಮಗುವಿನ ಆಲ್ಬಮ್ಮಿನ ಮೊದಲ ಪುಟದಲ್ಲೇ ಗುಂಡಗೆ ಜಾಗ ಬಿಟ್ಟು, ಸ್ಕ್ಯಾನಿಂಗ್ ಫೋಟೋ ಇಲ್ಲಿ ಅಂಟಿಸಿ ಎಂದು ಅಚ್ಚು ಹಾಕಿದ್ದರು. ಎರಡನೇ ಪುಟದಲ್ಲಿ ಹುಟ್ಟಿದ ಗಳಿಗೆ, ತೂಕ, ಆಸ್ಪತ್ರೆ, ಹೆರಿಗೆ ಮಾಡಿಸಿದ ಡಾಕ್ಟರು. ಮೂರನೆಯದರಲ್ಲಿ ಮೂಗು ಯಾರದು, ಕಣ್ಣು ಯಾರದು ಎಂಬ ಪಟ್ಟಿ. ಅಪ್ಪನದಾದರೆ ಈ ಕಡೆ ಟಿಕ್, ಅಮ್ಮನದಾದರೆ ಆ ಕಡೆ. ತಮ್ಮನ ಹೆಂಡತಿ ಅದನ್ನು ಊಟದ ಮೇಜಿನ ಮೇಲಿಟ್ಟು, ಆ ಮೂರು ಪುಟ ತಿರುವಿ, ಮುಚ್ಚಿ, “ಭಾವ, ಇದನ್ನ ವಾಪಸ್ ತಗೊಳ್ತಾರೇನ್ರಿ?” ಅಂದಳು. ದುಡ್ಡು ವಾಪಸ್ ಕೊಡಲಿಲ್ಲ, ಬೇರೆ ಏನಾದರೂ ತಗೊಳ್ಳಿ ಅಂದರು. ಅದೇ ಬೆಲೆಗೆ ಒಂದಕ್ಷರವೂ ಅಚ್ಚಾಗಿರದ, ದಪ್ಪ ಹಾಳೆಯ, ಸುರುಳಿ ತಂತಿಯ ಡ್ರಾಯಿಂಗ್ ಪುಸ್ತಕ ಬಂತು. ಮೂಗಿನ ಪಟ್ಟಿ ಬರೆದ ಪುಣ್ಯಾತ್ಮ ಯಾರೋ, ಅವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಪುಟ್ಟಿ ಈ ಮನೆಗೆ ಬಂದಾಗ ವರ್ಷವೂ ತುಂಬಿರಲಿಲ್ಲ. ಈಗ ಮೂರನೇ ಕ್ಲಾಸು. ತಾನು ದತ್ತು ಬಂದವಳು ಅನ್ನುವುದು ಅವಳಿಗೆ ಬುದ್ಧಿ ತಿಳಿದಾಗಿನಿಂದಲೂ ಗೊತ್ತು. ಅದು ಅವಳಮ್ಮನ ಹಟ. “ದೊಡ್ಡವಳಾದ ಮೇಲೆ ನಿಧಾನಕ್ಕೆ ಹೇಳಿದ್ರಾತು” ಎಂದು ಬುದ್ಧಿ ಹೇಳಿ, ಕಾಫಿ ಕುಡಿದು ಹೋದ ನೆಂಟರಿಗೆ ಲೆಕ್ಕವಿಲ್ಲ. ಈಗ ಹುಡುಗಿಗೆ ತಾನು ಮನೆಗೆ ಬಂದ ಕಥೆ ಪುಸ್ತಕವಾಗಬೇಕು. ಫೋಟೋ ಆರಿಸುವುದು ತಮ್ಮನ ಕೆಲಸ, ಬರೆಯುವುದು ಅವನ ಹೆಂಡತಿಯದು, ಬಣ್ಣ ಪುಟ್ಟಿಯದು. ನನಗೆ ಉಳಿದದ್ದು ಅಂಟಿಸುವ ಕೆಲಸ. ಪೆನ್ಶನ್ ತಗೊಳ್ಳುವವನಿಗೆ ಇನ್ನೇನು ಕೊಡುತ್ತಾರೆ.

ಆದರೆ ಅಂಟಿನ ವಿಚಾರದಲ್ಲಿ ನಾನು ಯಾರ ಮಾತೂ ಕೇಳುವವನಲ್ಲ. ಈಗಿನ ಬಿಳಿ ಗಮ್ಮು ತೆಳು ಕಾಗದಕ್ಕೆ ಬಿದ್ದರೆ ಕಾಗದ ನೆನೆದು ಸುಕ್ಕುಗಟ್ಟುತ್ತದೆ. ಲಿಪ್‌ಸ್ಟಿಕ್ಕಿನ ಹಾಗೆ ತಿರುಗಿಸುವ ಗಮ್ಮು ಒಂದು ಬೇಸಿಗೆ ದಾಟುವುದರೊಳಗೆ ಬಿಟ್ಟುಕೊಳ್ಳುತ್ತದೆ. ಟೇಪು ಹಳದಿಯಾಗಿ ಕಲೆ ಉಳಿಸುತ್ತದೆ. ಅಂಟು ಅಂದರೆ ಮೈದಾ ಅಂಟು. ಎರಡು ಚಮಚ ಮೈದಾ ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿಯುವ ನೀರಿಗೆ ಬಿಟ್ಟು, ಕೈ ನಿಲ್ಲಿಸದೆ ತಿರುವಬೇಕು. ಬಿಳುಪು ಹೋಗಿ ಸೌಟಿನಿಂದ ಇಡಿಯಾಗಿ ಜಾರಿ ಬಿದ್ದರೆ ಹದ. ಹುಳ ಬೀಳಬಾರದೆಂದು ಚಿಟಿಕೆ ಮೈಲುತುತ್ತ. ಅದು ವಿಷವಾದ್ದರಿಂದ ಆ ಪಾತ್ರೆ ಮತ್ತೆ ಅಡುಗೆಮನೆಗೆ ಬರುವ ಹಾಗಿರಲಿಲ್ಲ. ಅದಕ್ಕೆಂದೇ ಅವ್ವ ಒಂದು ಸೊಟ್ಟ ಅಲ್ಯೂಮಿನಿಯಂ ಡಬರಿಯನ್ನು ಹಿತ್ತಲಲ್ಲಿ ಮಗುಚಿ ಇಟ್ಟಿದ್ದಳು.

ಈ ಹದ ನಾನು ಕಲಿತದ್ದು ಅವ್ವನಿಂದಲ್ಲ, ಟಾಕೀಸಿನ ಪೋಸ್ಟರ್ ಅಂಟಿಸುವವನಿಂದ. ದಾವಣಗೆರೆಯಲ್ಲಿ ಆಗ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲ. ಪಾಳಿ ಬಿಟ್ಟ ಕೂಡಲೇ ಜನ ಸಿನಿಮಾಕ್ಕೆ ನುಗ್ಗುತ್ತಿದ್ದರು. ಅವನು ಸೈಕಲ್ಲಿನ ಹ್ಯಾಂಡಲಿಗೆ ಅಂಟಿನ ಬಕೀಟು, ಕ್ಯಾರಿಯರಿಗೆ ಪೋಸ್ಟರಿನ ಸುರುಳಿ ಕಟ್ಟಿಕೊಂಡು ಬೆಳಗಿನ ಜಾವ ಬರುತ್ತಿದ್ದ. ಮೈಲುತುತ್ತದ ದುಡ್ಡು ಉಳಿಸಿಕೊಳ್ಳುತ್ತಿದ್ದನೆಂದು ಕಾಣುತ್ತದೆ, ಏಕೆಂದರೆ ನಮ್ಮ ಓಣಿಯ ಎಮ್ಮೆಗೆ ಅವನ ಪೋಸ್ಟರೆಂದರೆ ಪ್ರಾಣ. ಶುಕ್ರವಾರ ಬೆಳಿಗ್ಗೆ ಅಂಟಿಸಿದ ನಾಯಕ ಮಧ್ಯಾಹ್ನದ ಹೊತ್ತಿಗೆ ಮೀಸೆಯವರೆಗೆ ಉಳಿದಿರುತ್ತಿದ್ದ. ಒಂದು ದಿನ ಎಮ್ಮೆಯವನು ಅವನ ಸೈಕಲ್ ಹಿಡಿದು ನಿಲ್ಲಿಸಿ, “ನಿನ್ ಕಾಗದ ತಿಂದು ನಮ್ ಎಮ್ಮಿ ಹಾಲು ಕಮ್ಮಿ ಮಾಡೇತಿ” ಅಂದ. ಇವನು ಬಕೀಟು ಇಳಿಸಿ, “ಮೊದ್ಲು ಟಿಕೆಟ್ ದುಡ್ಡು ಕೊಡಪ, ಆಮೇಲೆ ಹಾಲಿನ ಮಾತು” ಅಂದ. ಮಂಡಿಪೇಟೆಯ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ ಊಟಕ್ಕೆ ಬಂದವರು ನ್ಯಾಯ ಹೇಳಲು ನಿಂತರು. ಪೋಸ್ಟರನ್ನು ಎಮ್ಮೆಗೆ ಎಟುಕದಷ್ಟು ಮೇಲೆ ಅಂಟಿಸಬೇಕೆಂದು ತೀರ್ಮಾನವಾಯಿತು. ಅದಕ್ಕೆ ಏಣಿ ಬೇಕು. ಏಣಿ ಯಾರು ಕೊಡಬೇಕು? ಟಾಕೀಸಿನವರೆಂದು ಇವನು, ನೀನೇ ಎಂದು ಅವನು, ಗೋಡೆಯ ಮಾಲೀಕ ಎಂದು ಯಾರೋ ದಾರಿಹೋಕ. ಗೋಡೆಯ ಮಾಲೀಕನನ್ನು ಕರೆದರೆ, ತನ್ನ ಗೋಡೆಯ ಮೇಲೆ ಅಂಟಿಸಲು ಅಪ್ಪಣೆ ಕೊಟ್ಟವರು ಯಾರು ಎಂದು ಅವನದು ಹೊಸ ತಕರಾರು. ಇಷ್ಟೆಲ್ಲ ಬಗೆಹರಿಯುವುದರೊಳಗೆ ಆ ಸಿನಿಮಾ ಎತ್ತಿಹೋಗಿತ್ತು.

ಇದನ್ನೆಲ್ಲ ನಾನು ವಿವರಿಸಿದ ಮೇಲೂ ತಮ್ಮನ ಹೆಂಡತಿ, “ಜಿರಲಿ ಬರ್ತಾವ್ರಿ ಭಾವ, ಮೈದಾ ಬ್ಯಾಡ” ಎಂದು ಒಂದೇ ಮಾತಲ್ಲಿ ಮುಗಿಸಿದಳು. ಕೊನೆಗೆ ಮೂಲೆಗೆ ಸಿಕ್ಕಿಸುವ ಕಾಗದದ ತ್ರಿಕೋನಗಳು ಬಂದವು. ಅವಕ್ಕೂ ಒಂದಿಷ್ಟು ಗಮ್ಮು ಬೇಕೇ ಬೇಕು ಎನ್ನುವುದೊಂದೇ ನನಗೆ ಸಮಾಧಾನ.

ಅಂಟಿಸಲು ಇದ್ದ ಸಾಮಾನಾದರೂ ಏನು? ಅವಳನ್ನು ಕರೆದುಕೊಂಡು ಬಂದ ದಿನದ ಬಸ್ ಟಿಕೆಟ್ ಅಂತ ತಮ್ಮ ಜೋಪಾನ ಮಾಡಿಟ್ಟದ್ದನ್ನು ಬಿಚ್ಚಿದರೆ ಖಾಲಿ ಚೀಟಿ. ಕಂಡಕ್ಟರ್ ಮಷೀನಿನ ಆ ಕಾಗದಕ್ಕೆ ಶಾಯಿಯೇ ಇರುವುದಿಲ್ಲ, ಶಾಖಕ್ಕೆ ಕಪ್ಪಾಗಿದ್ದು ಬರಬರುತ್ತಾ ಮಾಸಿಹೋಗುತ್ತದೆ. ಪುಟ್ಟಿ ಅದನ್ನೇ ಅಂಟಿಸಿಸಿ, ಕೆಳಗೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ‘ಟಿಕೇಟು’ ಎಂದು ಬರೆದಳು. ಮಗುವಿನ ಫೋಟೋ ಮೊದಲ ಸಲ ಮೊಬೈಲಿಗೆ ಬಂದಾಗಿನದು ಇನ್ನೊಂದು ಪುಟ. ದತ್ತಿಗೆ ಹೆಸರು ಬರೆಸಿ, ಮನೆಗೆ ಬಂದು ವಿಚಾರಿಸುವವರಿಗೆ ಸಂಬಳದ ಚೀಟಿಯಿಂದ ಹಿಡಿದು ಬಚ್ಚಲಿನವರೆಗೆ ಎಲ್ಲವನ್ನೂ ತೋರಿಸಿ, ವರ್ಷಗಟ್ಟಲೆ ಕಾದ ಮೇಲೆ ಒಂದು ಫೋಟೋ, ಒಂದು ವೈದ್ಯಕೀಯ ವರದಿ ಬರುತ್ತದೆ. ಒಪ್ಪಲು 48 ಗಂಟೆ. ಒಂದು ಮದುವೆ ಸೀರೆ ಆರಿಸಲು ವಾರಗಟ್ಟಲೆ ಚೌಕಿಪೇಟೆ ಸುತ್ತುವ ಮನೆತನ ನಮ್ಮದು. ಅವರಿಬ್ಬರೂ ಅವತ್ತು ಅನ್ನಕ್ಕಿಟ್ಟ ಕುಕ್ಕರ್ ಕೂಗುವುದರೊಳಗೆ ಒಪ್ಪಿದ್ದರು.

ಉಳಿದದ್ದೆಲ್ಲ ಸೀಲು ಬಿದ್ದ ಕಾಗದ. ಈಗಾದರೆ ದತ್ತು ಆದೇಶಕ್ಕೆ ಜಿಲ್ಲಾಧಿಕಾರಿಯ ಸಹಿ. 2022ರ ಸೆಪ್ಟೆಂಬರಿನಿಂದ ಹಾಗೆ. ಪುಟ್ಟಿಯದು ಅದಕ್ಕೂ ಮೊದಲಿನದು, ಕೋರ್ಟಿನ ಆದೇಶ. ಅದರ ಮೇಲೆ ಸಿಕ್ಕ ಜನನ ಪ್ರಮಾಣಪತ್ರದಲ್ಲಿ ಅಪ್ಪ ಅಮ್ಮನ ಜಾಗದಲ್ಲಿ ಇವರಿಬ್ಬರ ಹೆಸರು, ಹುಟ್ಟಿದ ದಿನ ವೈದ್ಯರ ಅಂದಾಜಿನದು. ಗಳಿಗೆ ಇಲ್ಲ ಅಂತ ನಮ್ಮ ಕಡೆಯ ಹಿರಿಯರೊಬ್ಬರಿಗೆ ಇವತ್ತಿಗೂ ಕೊರಗು, ಜಾತಕ ಬರೆಸುವುದು ಹೇಗೆ ಅಂತ. ಗಳಿಗೆ ವಿಗಳಿಗೆ ಸಮೇತ ಬರೆಸಿದ ನನ್ನ ಜಾತಕ ಹೇಳಿದ್ದು ನಾನು ವಿದೇಶಕ್ಕೆ ಹೋಗುತ್ತೇನೆಂದು. ನಾನು ಹರಿಹರದ ಆಚೆ ವರ್ಗವಾದವನೂ ಅಲ್ಲ.

ಇನ್ನು “ಪುಣ್ಯ ಕಟ್ಟಿಕೊಂಡ್ರಿ ಬಿಡ್ರಿ” ಅನ್ನುವವರದು ಒಂದು ಜಾತಿ. ಹುಡುಗಿ ಎದುರಿಗೇ ನಿಂತಿರುತ್ತಾಳೆ, ಅವಳ ತಲೆಯ ಮೇಲಿಂದ ಈ ಮಾತು ದಾಟಿಸುತ್ತಾರೆ. ಮಗು ಸಾಕಿದರೆ ಪುಣ್ಯ ಬರುವುದಾದರೆ, ನಾಲ್ಕು ಹೆತ್ತು ಒಂದಕ್ಕೂ ಸರಿಯಾಗಿ ಉಣ್ಣಲಿಕ್ಕದವರ ಲೆಕ್ಕವನ್ನೂ ಇವರೇ ಹೇಳಲಿ. ಪುಸ್ತಕಕ್ಕೆಂದು ಯಾರೋ ಉಡುಗೊರೆ ಕೊಟ್ಟ ಸ್ಟಿಕ್ಕರುಗಳಲ್ಲೂ ಅದೇ ರಗಳೆ: ರೆಕ್ಕೆಯ ಕೂಸು, ಮೋಡ, ಚಿನ್ನದ ನಕ್ಷತ್ರ. ಇವಳೇನು ಮೋಡದಿಂದ ಉದುರಿದಳೇ? ಫೈಲಿನಲ್ಲಿ ಎಲ್ಲ ದಾಖಲಾಗಿದೆ.

ನಮ್ಮಲ್ಲಿ ದತ್ತು ಹೊಸದೂ ಅಲ್ಲ. ದುರ್ಗದ ಕೊನೆಯ ಮದಕರಿ ನಾಯಕ ಹಿಂದಿನ ದೊರೆಯ ಮಗನಲ್ಲ. ಆತನಿಗೆ ಮಕ್ಕಳಿಲ್ಲದ್ದರಿಂದ ಜಾನಕಲ್ಲಿನಿಂದ ಹುಡುಗನನ್ನು ತಂದು 1754ರಲ್ಲಿ ಪಟ್ಟ ಕಟ್ಟಿದರು. ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಇಂಗ್ಲಿಷರೊಡನೆ ಕಾದಾಡಿದ್ದರ ಹಿಂದೆಯೂ ಶಿವಲಿಂಗಪ್ಪನನ್ನು ದತ್ತು ತಗೊಂಡ ಜಗಳವೇ. ಮೈಸೂರಲ್ಲಿ ಮುಮ್ಮಡಿಯವರು 1865ರಲ್ಲಿ ದತ್ತು ತಗೊಂಡ ಮಗುವನ್ನು ಇಂಗ್ಲಿಷರು ಒಪ್ಪಿಕೊಂಡದ್ದು 1867ರಲ್ಲಿ. ಪಟ್ಟದ ಕಾಗದ, ಸನ್ನದು, ಯುದ್ಧ ಎಲ್ಲ ಬರೆದಿಟ್ಟಿದ್ದಾರೆ. ಹೊಸ ಮನೆಯಲ್ಲಿ ಮೊದಲ ರಾತ್ರಿ ಆ ಹುಡುಗರು ಊಟ ಮಾಡಿದರೋ, ರಚ್ಚೆ ಹಿಡಿದರೋ, ಯಾರ ಪಕ್ಕ ಮಲಗಿದರೋ, ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪುಟ್ಟಿಯದು ಗೊತ್ತಿದೆ: ಹಾಲಿನ ಬಾಟಲಿ ಎಸೆದು, ಅಜ್ಜಿಯ ಕೈಯಿಂದ ಮಂಡಕ್ಕಿ ಕಸಿದು ಚೀಪಿ, ತಮ್ಮನ ಎದೆಯ ಮೇಲೆ ನಿದ್ದೆ ಹೋದಳು. ಫೋಟೋ ಐದನೇ ಪುಟದಲ್ಲಿದೆ.

ಜಗಳ ಬಿದ್ದದ್ದು ಪತ್ರಿಕೆಯ ಪ್ರಕಟಣೆಯ ಬಗ್ಗೆ. ಯಾರೋ ಬಿಟ್ಟುಹೋದ ಮಗು ಸಿಕ್ಕರೆ ಫೋಟೋ ಸಮೇತ ಪೇಪರಿನಲ್ಲಿ ಹಾಕಿ, ಸಂಬಂಧಪಟ್ಟವರು ಬರಲಿ ಎಂದು ಕಾಯುತ್ತಾರೆ. ಯಾರೂ ಬರದಿದ್ದರೆ, ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳೊಳಗೆ, ಮಕ್ಕಳ ಕಲ್ಯಾಣ ಸಮಿತಿ ದತ್ತಿಗೆ ಕೊಡಬಹುದೆಂದು ಘೋಷಿಸುತ್ತದೆ. ಅದರ ಜೆರಾಕ್ಸ್ ಫೈಲಿನಲ್ಲಿತ್ತು. ಅಂಚೆಚೀಟಿಗಿಂತ ತುಸು ದೊಡ್ಡ ಮುಖ, ಮಸಿ ಹರಡಿ ಒಂದು ಕಣ್ಣು ಮುಚ್ಚಿಹೋಗಿದೆ. ‘ಅಂದಾಜು ವಯಸ್ಸು’, ‘ಗೋಧಿ ಮೈಬಣ್ಣ’, ಒಂದು ಫೋನ್ ನಂಬರು. ಪಕ್ಕದ ಕಾಲಮ್ಮಿನಲ್ಲಿ ಯಾರದೋ ಪಿಯುಸಿ ಅಂಕಪಟ್ಟಿ ಕಳೆದುಹೋದ ಜಾಹೀರಾತು, ಅರ್ಧ. ತಮ್ಮ ಬೇಡವೇ ಬೇಡ ಅಂದ. ಅವನ ಹೆಂಡತಿ ಅದು ಅವಳದೇ ಕಾಗದ ಅಂದಳು. ನನ್ನನ್ನು ಯಾರೂ ಕೇಳಲಿಲ್ಲ, ಆದರೂ ನಾನು ಅವಳ ಪರ.

ಅಷ್ಟರಲ್ಲಿ ಪುಟ್ಟಿ ಅದನ್ನು ಎಳೆದುಕೊಂಡು ಓದಿ ಮುಗಿಸಿದ್ದಳು. “ಈ ನಂಬರಿಗೆ ಯಾರೂ ಫೋನ್ ಮಾಡ್ಲಿಲ್ವಾ?”

“ಇಲ್ಲ ಪುಟ್ಟಿ, ಮಾಡ್ಲಿಲ್ಲ” ಅಂದಳು ಅವಳಮ್ಮ.

“ನೀವಾದ್ರೂ ಮಾಡಬೇಕಿತ್ತು.”

ತಮ್ಮ ಬಾಯಿ ತೆರೆದು ಹಾಗೇ ಕೂತ. ನಾವು ಪೇಪರಿನಲ್ಲಿ ನೋಡಿರಲಿಲ್ಲವೆಂದು ಅವನು, ನಿಯಮ ಹಾಗಲ್ಲವೆಂದು ನಾನು, ಇಬ್ಬರೂ ಒಟ್ಟಿಗೇ ಶುರು ಮಾಡಿದೆವು. ಅವಳಿಗೆ ಆ ನಿಯಮವೇ ಪೆದ್ದು ಅನ್ನಿಸಿತು. ನನಗೂ ಹೆಚ್ಚೇನೂ ವಾದ ಮಾಡಲು ತೋಚಲಿಲ್ಲ. ಕೊನೆಗೆ ಅದನ್ನು ಹಿಂಬದಿಯ ರಟ್ಟಿಗೆ ಅಂಟಿಸಿದ ಲಕೋಟೆಯೊಳಗೆ ಹಾಕಿದ್ದಾಯಿತು. 18 ತುಂಬಿದ ಮೇಲೆ ತನ್ನ ಮೂಲ ಹುಡುಕಬೇಕೆನಿಸಿದರೆ ಅರ್ಜಿ ಹಾಕಲು ಅವಳಿಗೆ ಅವಕಾಶವಿದೆ. ಹಾಕುತ್ತಾಳೋ ಬಿಡುತ್ತಾಳೋ ಅವಳಿಷ್ಟ. ಆ ಲಕೋಟೆಗೆ ಮಾತ್ರ ನಾನು ಯಾರಿಗೂ ಹೇಳದೆ ಮೈದಾ ಅಂಟನ್ನೇ ಹಾಕಿದ್ದೇನೆ, ಮೈಲುತುತ್ತ ಸಮೇತ.

ಪುಸ್ತಕ ಇನ್ನೂ ಮುಗಿದಿಲ್ಲ. ಉಳಿದ ಪುಟಗಳ ಹಂಚಿಕೆ ನಡೆದಿದೆ. ಬೆಣ್ಣೆದೋಸೆ ಹೋಟೆಲಿಗೆ ಎರಡು ಪುಟ, ಕುಂದವಾಡ ಕೆರೆಗೆ ಒಂದು, ಎದುರು ಮನೆಯ ನಾಯಿಗೆ ಒಂದು. ನನಗೆ ಅರ್ಧ. ಯಾಕೆಂದು ಕೇಳಿದರೆ, “ದೊಡ್ಡಪ್ಪ, ನೀನು ದಿನಾ ಇರ್ತೀಯಲ್ಲ, ನಿನ್ ಫೋಟೋ ಯಾಕೆ?” ಅಂತಾಳೆ. ನಾಯಿಯೂ ದಿನಾ ಇರುತ್ತದೆ ಎಂದು ನಾನು ಮುಕ್ಕಾಲು ಪುಟಕ್ಕೆ ಪಟ್ಟು ಹಿಡಿದಿದ್ದೇನೆ.