ನವೆಂಬರ್ 9 ವಿಧಿಯ ದಿನವಲ್ಲ

ನವೆಂಬರ್ 9 ಬಂದಿತೆಂದರೆ ನಮ್ಮ ಫೇಸ್‌ಬುಕ್ ಗೋಡೆಗಳ ತುಂಬ ಶಂಕರ್ ನಾಗ್ ಕಾಣಿಸಿಕೊಳ್ಳುತ್ತಾರೆ. 1954ರಲ್ಲಿ ಅವರು ಹುಟ್ಟಿದ ದಿನವದು. ಆಟೋ ನಿಲ್ದಾಣಗಳಲ್ಲಿ ಶಂಕರಣ್ಣನ ಚಿತ್ರಕ್ಕೆ ಹಾರ ಬೀಳುತ್ತದೆ, ಸಿಹಿ ಹಂಚಲಾಗುತ್ತದೆ. ಇದರ ನಡುವೆಯೇ ‘ಇತಿಹಾಸದಲ್ಲಿ ಈ ದಿನ’ ಎಂಬ ತಲೆಬರಹದ ಪಟ್ಟಿಗಳೂ ಓಡಾಡುತ್ತವೆ. 1918ರಲ್ಲಿ ಜರ್ಮನ್ ಚಕ್ರವರ್ತಿಯ ಪತನ, 1923ರಲ್ಲಿ ಹಿಟ್ಲರನ ವಿಫಲ ದಂಗೆ, 1938ರಲ್ಲಿ ಯಹೂದಿಗಳ ಮೇಲಿನ ದಾಳಿ, 1947ರಲ್ಲಿ ಜುನಾಗಢದ ಆಡಳಿತ ಭಾರತದ ಕೈಗೆ ಬಂದದ್ದು, 1989ರಲ್ಲಿ ಬರ್ಲಿನ್ ಗೋಡೆ ತೆರೆದದ್ದು, 2000ದಲ್ಲಿ ಉತ್ತರಾಖಂಡದ ಹುಟ್ಟು, ಎಲ್ಲವೂ ಒಂದರ ಕೆಳಗೊಂದು. ಕೆಳಗೆ ಯಾರಾದರೊಬ್ಬರು ‘ಎಂಥ ಕಾಕತಾಳೀಯ ನೋಡಿ’ ಎಂದು ಬರೆದಿರುತ್ತಾರೆ.

ಇಂಥ ಪಟ್ಟಿಗಳ ಬಗ್ಗೆ ನನ್ನ ತಕರಾರು ಇರುವುದು ಅವು ಹೇಳುವ ವಿಷಯದಲ್ಲಲ್ಲ, ಹೇಳದೆ ಬಿಡುವ ವಿಷಯದಲ್ಲಿ. ಎರಡು ಘಟನೆಗಳು ಒಂದೇ ತಾರೀಖಿಗೆ ಬಿದ್ದದ್ದು ಬರೀ ಆಕಸ್ಮಿಕವೋ, ಯಾರಾದರೂ ಬೇಕೆಂದೇ ಆ ದಿನವನ್ನು ಆರಿಸಿದರೋ, ಅಥವಾ ಹಳೆಯ ಘಟನೆಯ ಆಚರಣೆಯೇ ಹೊಸ ಘಟನೆಗೆ ದಾರಿ ಮಾಡಿತೋ ಎಂಬುದನ್ನು ಪಟ್ಟಿ ಹೇಳುವುದಿಲ್ಲ. ಜರ್ಮನಿಯ ನವೆಂಬರ್ 9ರಲ್ಲಿ ಇವೆಲ್ಲವೂ ಬೆರೆತಿವೆ. ಅದನ್ನು ‘ವಿಧಿಯ ದಿನ’ ಎಂದು ಕರೆಯುವ ರೂಢಿ ಜರ್ಮನ್ನರಲ್ಲಿಯೇ ಇದೆ. ನನಗೆ ಆ ಹೆಸರು ಒಪ್ಪಿಗೆಯಿಲ್ಲ, ಏಕೆಂದರೆ ಆ ದಿನ ನಡೆದ ಅತ್ಯಂತ ಕೆಟ್ಟ ಕೃತ್ಯಕ್ಕೆ ಕಾರಣರಾದವರನ್ನು ಅದು ಸದ್ದಿಲ್ಲದೆ ಹಿಂದಕ್ಕೆ ಸರಿಸಿ, ಪಂಚಾಂಗವನ್ನು ಮುಂದೆ ನಿಲ್ಲಿಸುತ್ತದೆ.

ಈ ಸರಣಿಯನ್ನು ಸಾಮಾನ್ಯವಾಗಿ 1848ರಿಂದ ಎಣಿಸುತ್ತಾರೆ. ಫ್ರಾಂಕ್‌ಫರ್ಟಿನ ರಾಷ್ಟ್ರೀಯ ಸಭೆಯ ಸದಸ್ಯರೂ ಪ್ರಜಾಪ್ರಭುತ್ವವಾದಿಗಳ ನಾಯಕರೂ ಆಗಿದ್ದ ರಾಬರ್ಟ್ ಬ್ಲೂಮ್ ದಂಗೆಯೆದ್ದ ವಿಯೆನ್ನಾ ನಗರಕ್ಕೆ ಬೆಂಬಲ ಹೇಳಲು ಹೋಗಿ ಅಲ್ಲಿ ಸಿಕ್ಕಿಬಿದ್ದರು. ಸಂಸದನಿಗಿದ್ದ ರಕ್ಷಣೆಯನ್ನು ಲೆಕ್ಕಿಸದೆ ಆಸ್ಟ್ರಿಯಾದ ಸೇನೆ ಅವರನ್ನು ನವೆಂಬರ್ 9ರಂದು ಗುಂಡಿಟ್ಟು ಕೊಂದಿತು. ಮರುದಿನ ಅವರಿಗೆ 41 ತುಂಬುವುದಿತ್ತು. ಮುಂದಿನ ಯಾವ ನವೆಂಬರ್ 9ಕ್ಕೂ ಈ ಸಾವು ಕಾರಣವಲ್ಲ. ಇದು ಶುದ್ಧ ಆಕಸ್ಮಿಕ, ಅಷ್ಟೇ.

1918ರ ದಿನವನ್ನೂ ಯಾರೂ ಆರಿಸಿದ್ದಲ್ಲ. ಸೋಲುವುದು ಖಚಿತವಾಗಿದ್ದ ಯುದ್ಧದಲ್ಲಿ ಕೊನೆಯ ಕಾಳಗಕ್ಕೆ ಹೊರಡಲೊಪ್ಪದ ನಾವಿಕರು ಕೀಲ್ ಬಂದರಿನಲ್ಲಿ ಹಚ್ಚಿದ ಕಿಡಿ ಒಂದು ವಾರದೊಳಗೆ ಊರೂರಿಗೆ ಹಬ್ಬಿ, ನವೆಂಬರ್ 9ರ ಬೆಳಗ್ಗೆ ಬರ್ಲಿನ್ನಿನ ಕಾರ್ಖಾನೆಗಳ ಕಾರ್ಮಿಕರು ಬೀದಿಗಿಳಿದಿದ್ದರು. ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಬೆಲ್ಜಿಯಮ್ಮಿನ ಸ್ಪಾ ಎಂಬಲ್ಲಿನ ಸೇನಾ ಕೇಂದ್ರದಲ್ಲಿ ಕುಳಿತು ಮೀನಮೇಷ ಎಣಿಸುತ್ತಿದ್ದಾಗ, ಇತ್ತ ಚಾನ್ಸಲರ್ ಆಗಿದ್ದ ಬಾಡೆನ್ನಿನ ರಾಜಕುಮಾರ ಮ್ಯಾಕ್ಸ್ ಅವನ ಒಪ್ಪಿಗೆಗೂ ಕಾಯದೆ ಪದತ್ಯಾಗವನ್ನು ಘೋಷಿಸಿ, ಅಧಿಕಾರವನ್ನು ಸಮಾಜವಾದಿ ನಾಯಕ ಫ್ರೀಡ್ರಿಶ್ ಎಬರ್ಟ್ ಅವರಿಗೆ ವಹಿಸಿಬಿಟ್ಟ. ಮಧ್ಯಾಹ್ನ ಎರಡರ ಸುಮಾರಿಗೆ ಫಿಲಿಪ್ ಶೈಡೆಮಾನ್ ಸಂಸತ್ ಭವನದ ಕಿಟಕಿಯಿಂದ ಗಣರಾಜ್ಯವನ್ನು ಸಾರಿದರು. ಹಾಗೆ ಸಾರಲು ನಿನಗೇನು ಹಕ್ಕಿದೆ ಎಂದು ಎಬರ್ಟ್ ಕೆರಳಿದರೆಂಬುದನ್ನು ಶೈಡೆಮಾನ್ ತಮ್ಮ ನೆನಪುಗಳಲ್ಲಿ ತಾವೇ ದಾಖಲಿಸಿದ್ದಾರೆ. ಇದಾಗಿ ಎರಡು ಗಂಟೆಗಳಲ್ಲಿ ಅರಮನೆಯ ಕಡೆಯಿಂದ ಕಾರ್ಲ್ ಲೀಬ್‌ಕ್ನೆಕ್ಟ್ ಬೇರೆಯದೇ ಆದ ಸಮಾಜವಾದಿ ಗಣರಾಜ್ಯವನ್ನು ಸಾರಿದರು. ಒಂದೇ ಊರಿನಲ್ಲಿ ಒಂದೇ ಮಧ್ಯಾಹ್ನ ಎರಡು ಗಣರಾಜ್ಯಗಳು ಹುಟ್ಟಿದ್ದವು.

ಎರಡು ದಿನಗಳ ನಂತರ ಕದನವಿರಾಮಕ್ಕೆ ಸಹಿ ಬಿತ್ತು. ರಣರಂಗದಲ್ಲಿ ಸೋತ ಸೇನೆಯ ಬದಲು, ಆ ಸೋಲಿನ ಹೊರೆ ಹೊತ್ತ ಹೊಸ ಸರಕಾರವೇ ದೇಶದ್ರೋಹಿ ಎಂಬ ಸುಳ್ಳು ಹಬ್ಬಿದ್ದು ಅಲ್ಲಿಂದ. ಬಲಪಂಥೀಯರ ಬಾಯಲ್ಲಿ ‘ನವೆಂಬರ್ ಅಪರಾಧಿಗಳು’ ಎಂಬುದು ನಿತ್ಯದ ಬೈಗುಳವಾಯಿತು. ತಿಂಗಳ ಹೆಸರೊಂದು ಹೀಗೆ ಹಗೆಯ ಗುರುತಾದ ಮೇಲೆ ಮುಂದಿನದನ್ನು ಬರೀ ಆಕಸ್ಮಿಕವೆಂದು ಕರೆಯುವುದು ಕಷ್ಟ.

1923ರ ಶರತ್ಕಾಲದಲ್ಲಿ ಜರ್ಮನಿಯ ನೋಟು ಕಾಗದಕ್ಕಿಂತ ಕಡೆಯಾಗಿತ್ತು. ನವೆಂಬರ್ 20ರ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್. ಹಿಟ್ಲರ್ ಮತ್ತು ಅವನ ಸಂಗಡಿಗರು ಆ ತಿಂಗಳ 11ಕ್ಕೆ ದಂಗೆಯೇಳುವ ಯೋಚನೆಯಲ್ಲಿದ್ದರು. ಆದರೆ ಬವೇರಿಯಾದ ಆಡಳಿತಗಾರ ಗುಸ್ಟಾವ್ ಫಾನ್ ಕಾರ್ 8ರ ಸಂಜೆ ಮ್ಯೂನಿಕ್ಕಿನ ಬ್ಯುರ್ಗರ್‌ಬ್ರಾಯ್ ಬಿಯರ್ ಸಭಾಂಗಣದಲ್ಲಿ ಭಾಷಣ ಮಾಡಲಿದ್ದಾನೆಂದು ತಿಳಿದಾಗ, ಎಲ್ಲ ಗಣ್ಯರೂ ಒಂದೇ ಸೂರಿನಡಿ ಸಿಗುವ ಅವಕಾಶವನ್ನು ಬಿಡಬಾರದೆಂದು ದಿನವನ್ನು ಹಿಂದಕ್ಕೆಳೆದುಕೊಂಡರು. ಹಿಟ್ಲರ್ ಒಳನುಗ್ಗಿ ಪಿಸ್ತೂಲನ್ನು ಚಾವಣಿಗೆ ಹಾರಿಸಿದ. ‘ನವೆಂಬರ್ ಅಪರಾಧಿಗಳ’ ಸರಕಾರ ಪದಚ್ಯುತವಾಗಿದೆ ಎಂಬ ಘೋಷಣೆ ಹೊರಬಿತ್ತು. ಮರುದಿನ ಮಧ್ಯಾಹ್ನ ಓಡಿಯಾನ್ಸ್ ಚೌಕದ ಬಳಿ ಪೊಲೀಸರು ಮೆರವಣಿಗೆಯನ್ನು ತಡೆದಾಗ ಗುಂಡಿನ ಚಕಮಕಿ ನಡೆಯಿತು. ದಂಗೆಯಲ್ಲಿ ನಾಲ್ವರು ಪೊಲೀಸರೂ, ನಾಜಿಗಳು ಆಮೇಲೆ ಹುತಾತ್ಮರೆಂದು ಮೆರೆಸಿದ 16 ಮಂದಿಯೂ ಸತ್ತರು. ಅಂದರೆ ತಾರೀಖನ್ನು ನಿರ್ಧರಿಸಿದ್ದು ಸಭಾಂಗಣದ ಕಾರ್ಯಕ್ರಮ. ಹಗೆಯನ್ನು ಒದಗಿಸಿದ್ದು 1918.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇದರ ನಂತರದ ಭಾಗದಲ್ಲಿ. 1933ರಲ್ಲಿ ಅಧಿಕಾರ ಹಿಡಿದ ನಾಜಿಗಳು ಈ ಸೋತ ದಂಗೆಯನ್ನು ವಾರ್ಷಿಕ ಪೂಜೆಯನ್ನಾಗಿ ಮಾಡಿಕೊಂಡರು. ಪ್ರತಿವರ್ಷ ನವೆಂಬರ್ 8ರ ರಾತ್ರಿ ಅದೇ ಸಭಾಂಗಣದಲ್ಲಿ ಹಳೆಯ ಸಂಗಡಿಗರೆದುರು ಹಿಟ್ಲರನ ಭಾಷಣ, 9ರಂದು ಅದೇ ಬೀದಿಗಳಲ್ಲಿ ನಡಿಗೆ. 1935ರಲ್ಲಿ ಆ 16 ಮಂದಿಯ ಶವಪೆಟ್ಟಿಗೆಗಳನ್ನು ತಂದು ಕೋನಿಗ್ಸ್ ಚೌಕದಲ್ಲಿ ಕಟ್ಟಿದ ಗೌರವ ಮಂಟಪಗಳಲ್ಲಿ ಇರಿಸಿದರು. ಹೀಗಾಗಿ ವರ್ಷದಲ್ಲಿ ಒಂದು ದಿನ ಪಕ್ಷದ ಮುಖಂಡರೆಲ್ಲ ತಪ್ಪದೆ ಮ್ಯೂನಿಕ್ಕಿನಲ್ಲಿ ಸೇರುವುದು ಖಾತ್ರಿಯಾಯಿತು.

1938ರ ಅಕ್ಟೋಬರ್ ಕೊನೆಯಲ್ಲಿ ಸುಮಾರು 17,000 ಪೋಲಿಷ್ ಯಹೂದಿಗಳನ್ನು ಜರ್ಮನಿ ಗಡಿಗೆ ಅಟ್ಟಿತು. ಹಾಗೆ ಅಟ್ಟಿಸಿಕೊಂಡವರಲ್ಲಿ ಹರ್ಶೆಲ್ ಗ್ರಿನ್‌ಸ್ಪಾನ್ ಎಂಬ ಹದಿನೇಳರ ಹುಡುಗನ ತಂದೆತಾಯಿಯೂ ಇದ್ದರು. ಪ್ಯಾರಿಸ್ಸಿನಲ್ಲಿದ್ದ ಆತ ನವೆಂಬರ್ 7ರಂದು ಜರ್ಮನ್ ರಾಯಭಾರ ಕಚೇರಿಗೆ ಹೋಗಿ ಎರ್ನ್‌ಸ್ಟ್ ಫಾಮ್ ರಾಟ್ ಎಂಬ ಅಧಿಕಾರಿಗೆ ಗುಂಡು ಹಾರಿಸಿದ. ಅಧಿಕಾರಿ ಸತ್ತದ್ದು 9ರ ಸಂಜೆ. ಆ ಸುದ್ದಿ ಬಂದಾಗ ಹಿಟ್ಲರ್ ಮತ್ತು ದೇಶದ ಮೂಲೆಮೂಲೆಯ ಪಕ್ಷನಾಯಕರು ದಂಗೆಯ ಸ್ಮರಣೆಯ ಭೋಜನಕ್ಕಾಗಿ ಮ್ಯೂನಿಕ್ಕಿನ ಹಳೆಯ ಪುರಭವನದಲ್ಲಿ ಕುಳಿತಿದ್ದರು. ಹಿಟ್ಲರ್ ತನ್ನ ಪ್ರಚಾರ ಮಂತ್ರಿ ಗೊಬೆಲ್ಸನೊಡನೆ ಮಾತಾಡಿ ಹೊರಟುಹೋದ. ಗೊಬೆಲ್ಸ್ ಎದ್ದು ಮಾತಾಡಿದ. ಕೇಳಿದ ನಾಯಕರು ಅಲ್ಲಿಂದಲೇ ತಮ್ಮ ತಮ್ಮ ಪ್ರಾಂತಗಳಿಗೆ ದೂರವಾಣಿ ಕರೆ ಮಾಡಿದರು. ಆ ರಾತ್ರಿ ಮತ್ತು ಮರುದಿನ 1,400ಕ್ಕೂ ಹೆಚ್ಚು ಸಿನಗಾಗ್‌ಗಳು, ಪ್ರಾರ್ಥನಾ ಮಂದಿರಗಳು ಧ್ವಂಸಗೊಂಡವು, ಸುಮಾರು 7,500 ಅಂಗಡಿಗಳ ಗಾಜು ಒಡೆಯಿತು, 30,000ದಷ್ಟು ಯಹೂದಿ ಗಂಡಸರನ್ನು ಹಿಡಿದು ದಾಖಾವ್, ಬೂಕನ್‌ವಾಲ್ಡ್, ಸಾಕ್ಸನ್‌ಹೌಸನ್ ಸೆರೆಶಿಬಿರಗಳಿಗೆ ಸಾಗಿಸಲಾಯಿತು. ಸರಕಾರ ಒಪ್ಪಿದ ಸಾವಿನ ಸಂಖ್ಯೆ 91. ನಿಜಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು. ಅಗ್ನಿಶಾಮಕ ದಳದವರಿಗಿದ್ದ ಆದೇಶ, ಬೆಂಕಿ ಪಕ್ಕದ ಕಟ್ಟಡಕ್ಕೆ ಹರಡದಂತೆ ನೋಡಿಕೊಳ್ಳಬೇಕೆಂಬುದು ಮಾತ್ರ. ಕೊನೆಗೆ, ಹಾನಿಗೊಳಗಾದ ಯಹೂದಿಗಳ ಮೇಲೆಯೇ ನೂರು ಕೋಟಿ ಮಾರ್ಕ್ ದಂಡ ಹೇರಲಾಯಿತು.

ನವೆಂಬರ್ 9ರಂದು ಆ ಅಧಿಕಾರಿ ಸತ್ತದ್ದು ಆಕಸ್ಮಿಕವೆಂದೇ ಇಟ್ಟುಕೊಳ್ಳೋಣ. ಆದರೆ ಕೆಲವೇ ಗಂಟೆಗಳಲ್ಲಿ ಇಡೀ ದೇಶದಲ್ಲಿ ಬೆಂಕಿ ಹಚ್ಚಲು ಬೇಕಾದ ಜನರೆಲ್ಲ ಒಂದೇ ಕೋಣೆಯಲ್ಲಿ, ಹದಿನೈದು ವರ್ಷಗಳ ಹಿಂದಿನ ಸೋಲಿನ ನೆನಪನ್ನು ಕೆದಕಿಕೊಂಡು ಕುಳಿತಿದ್ದದ್ದು ಆಕಸ್ಮಿಕವಲ್ಲ. 1918, 1923, 1938 ಇವು ಒಂದೇ ಎಳೆಯ ಮೂರು ಗಂಟುಗಳು. ಪಟ್ಟಿಯಲ್ಲಿ ಅವು ಜುನಾಗಢ ಮತ್ತು ಉತ್ತರಾಖಂಡಗಳ ಸಾಲಿನಲ್ಲಿ ಅಷ್ಟೇ ತೂಕದ ಬಿಡಿ ಸಂಗತಿಗಳಂತೆ ಕಾಣುತ್ತವೆ. (ಅಂದಹಾಗೆ, 1938ರ ಹಿಂಸೆಯ ಬಹುಪಾಲು ನಡೆದದ್ದು ಮಧ್ಯರಾತ್ರಿಯ ಮೇಲೆ, ಅಂದರೆ 10ರಂದು; 1923ರ ದಂಗೆ ಶುರುವಾದದ್ದು 8ರಂದು. ತಾರೀಖಿನ ಅಚ್ಚುಕಟ್ಟುತನ ಅರ್ಧ ನಮ್ಮ ಕೈಚಳಕವೇ.)

1989ಕ್ಕೆ ಬಂದರೆ ಪರಿಸ್ಥಿತಿ ತದ್ವಿರುದ್ಧ. ಪೂರ್ವ ಜರ್ಮನಿಯ ಆಳುವ ಪಕ್ಷದ ವಕ್ತಾರ ಗ್ಯುಂಟರ್ ಶಾಬೋವ್‌ಸ್ಕಿ ಅಂದು ಸಂಜೆ ಪತ್ರಿಕಾಗೋಷ್ಠಿಗೆ ಹೋಗುವಾಗ ಅವರ ಕೈಗೆ, ಪೂರ್ವದವರು ಪಶ್ಚಿಮಕ್ಕೆ ಹೋಗುವ ಬಗೆಗಿನ ಹೊಸ ಪ್ರಯಾಣ ನಿಯಮಗಳ ಚೀಟಿಯೊಂದು ಬಂದಿತ್ತು. ಅದನ್ನು ಚರ್ಚಿಸಿದ ಸಭೆಯಲ್ಲಿ ಅವರಿರಲಿಲ್ಲ. ನಿಯಮಗಳು ಪ್ರಕಟವಾಗಬೇಕಿದ್ದದ್ದು ಮರುದಿನ ಬೆಳಗಿನ ಜಾವ ನಾಲ್ಕಕ್ಕೆ, ಅದೂ ಜನ ಅರ್ಜಿ ಹಾಕಿ ಅನುಮತಿ ಪಡೆಯುವ ಕ್ರಮದೊಂದಿಗೆ. ಯಾವಾಗಿನಿಂದ ಜಾರಿ ಎಂದು ಪತ್ರಕರ್ತರು ಕೇಳಿದಾಗ ಅವರು ಕಾಗದಗಳನ್ನು ತಡಕಾಡಿ, ತಮಗೆ ತಿಳಿದಂತೆ ಈಗಿನಿಂದಲೇ, ತಡವಿಲ್ಲದೆ ಎಂದುಬಿಟ್ಟರು. ನೇರ ಪ್ರಸಾರದಲ್ಲಿ ಅದನ್ನು ಕೇಳಿದವರೂ, ಪಶ್ಚಿಮದ ರಾತ್ರಿ ಸುದ್ದಿಯಲ್ಲಿ ನೋಡಿದವರೂ ಗಡಿದ್ವಾರಗಳಿಗೆ ಮುಗಿಬಿದ್ದರು. ಬಾರ್ನ್‌ಹೋಲ್ಮರ್ ಬೀದಿಯ ಕಾವಲಿನ ಹೊಣೆಯಲ್ಲಿದ್ದ ಹರಾಲ್ಡ್ ಯೇಗರ್ ಮೇಲಿನವರಿಂದ ಸ್ಪಷ್ಟ ಆದೇಶ ಬಾರದೆ ರಾತ್ರಿ ಹನ್ನೊಂದೂವರೆಯ ಸುಮಾರಿಗೆ ದ್ವಾರ ತೆರೆಸಿದರು. 1961ರ ಆಗಸ್ಟಿನಿಂದ ನಿಂತಿದ್ದ ಗೋಡೆ ಅಂದಿಗೆ ನಿರರ್ಥಕವಾಯಿತು. ಶಾಬೋವ್‌ಸ್ಕಿ ಚೀಟಿಯನ್ನು ಸರಿಯಾಗಿ ಓದಿದ್ದರೆ ಇಂದು ನಾವು ನವೆಂಬರ್ 10ರ ಬಗ್ಗೆ ಮಾತಾಡುತ್ತಿದ್ದೆವೋ ಏನೋ. ವಿಧಿಯ ದಿನವೆನ್ನುವವರು ಈ ಚೀಟಿಯನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೆ?

ಇನ್ನೊಂದು ಪರೀಕ್ಷೆಯೂ ಇದೆ. ಹಿಟ್ಲರ್ ಚಾನ್ಸಲರ್ ಆದದ್ದು 1933ರ ಜನವರಿ 30, ಪೋಲೆಂಡಿನ ಮೇಲೆ ದಾಳಿ 1939ರ ಸೆಪ್ಟೆಂಬರ್ 1, ಯುದ್ಧದ ಅಂತ್ಯ 1945ರ ಮೇ 8, ಪೂರ್ವ ಜರ್ಮನಿಯ ಕಾರ್ಮಿಕರ ಬಂಡಾಯ 1953ರ ಜೂನ್ 17, ಗೋಡೆ ಎದ್ದದ್ದು 1961ರ ಆಗಸ್ಟ್ 13. ಜರ್ಮನಿಯ ಹಣೆಬರಹ ಬದಲಿಸಿದ ಇವುಗಳಲ್ಲಿ ಒಂದೂ ನವೆಂಬರ್ 9ಕ್ಕೆ ಬರಲಿಲ್ಲ. ಬಿದ್ದವನ್ನು ಎಣಿಸಿ, ಬೀಳದವನ್ನು ಬಿಟ್ಟರೆ ಯಾವ ತಾರೀಖೂ ಮಾಂತ್ರಿಕವಾಗಿಯೇ ಕಾಣುತ್ತದೆ.

ತಾರೀಖನ್ನು ಬೇಕೆಂದೇ ಆರಿಸುವುದರಲ್ಲಿ ತಪ್ಪೇನೂ ಇಲ್ಲ, ನಾವೂ ಆರಿಸಿದ್ದೇವೆ. 1949ರ ನವೆಂಬರ್ 26ರಂದು ಅಂಗೀಕಾರವಾದ ಸಂವಿಧಾನ ಪೂರ್ಣವಾಗಿ ಜಾರಿಗೆ ಬರಲು 1950ರ ಜನವರಿ 26ರವರೆಗೆ ಕಾದದ್ದು, 1930ರಲ್ಲಿ ಅದೇ ದಿನ ಪೂರ್ಣ ಸ್ವರಾಜ್ಯದ ಪ್ರತಿಜ್ಞೆ ನಡೆದಿತ್ತೆಂಬ ಕಾರಣಕ್ಕೆ. ನಮ್ಮ ರಾಜ್ಯ ಕರ್ನಾಟಕವೆಂಬ ಹೆಸರು ಪಡೆದದ್ದು 1973ರ ನವೆಂಬರ್ 1ರಂದು, ಏಕೀಕರಣದ ದಿನವೇ. ಅದೇ 1956ರ ನವೆಂಬರ್ 1 ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶಗಳ ಹುಟ್ಟುಹಬ್ಬವೂ ಹೌದು ಎಂದು ಅಚ್ಚರಿಪಡುವವರನ್ನು ಪ್ರತಿ ರಾಜ್ಯೋತ್ಸವದಲ್ಲಿ ಕಾಣುತ್ತೇನೆ. ಅಲ್ಲಿ ಅಚ್ಚರಿಗೆ ಎಡೆಯಿಲ್ಲ: ಒಂದೇ ರಾಜ್ಯ ಪುನರ್ವಿಂಗಡಣಾ ಕಾಯ್ದೆ, ಒಂದೇ ಜಾರಿ ದಿನಾಂಕ.

ಜರ್ಮನಿ 1990ರಲ್ಲಿ ಒಂದಾದಾಗ ನವೆಂಬರ್ 9ನ್ನು ರಾಷ್ಟ್ರೀಯ ದಿನವನ್ನಾಗಿ ಮಾಡುವುದು ಎಷ್ಟೋ ಜನರಿಗೆ ಸಹಜವೆನಿಸಿತ್ತು. 1938 ನಡೆದ ತಾರೀಖಿನಂದು ಪಟಾಕಿ ಹಚ್ಚುವುದು ಹೇಗೆ? ಕೊನೆಗೆ ಏಕೀಕರಣ ಜಾರಿಯಾದ ಅಕ್ಟೋಬರ್ 3 ರಾಷ್ಟ್ರೀಯ ದಿನವಾಯಿತು. ಅದು ನೀರಸ, ಕಾಗದಪತ್ರದ ದಿನ ಎಂಬ ಗೊಣಗಾಟ ಇಂದಿಗೂ ಇದೆ. ಆ ನೀರಸತೆಯೇ ಅದರ ಹಿರಿಮೆ ಎಂದು ನನ್ನ ಅಭಿಪ್ರಾಯ. ತಾರೀಖುಗಳ ಮೋಹ ಎಲ್ಲಿಗೆ ಒಯ್ಯಬಲ್ಲದೆಂಬುದನ್ನು ಆ ದೇಶ ಬಲ್ಲದು: 1969ರ ನವೆಂಬರ್ 9ರಂದು, 1938ರ ಸಂತ್ರಸ್ತರ ಸ್ಮರಣೆಗೆ ಜನ ಸೇರಿದ್ದ ಪಶ್ಚಿಮ ಬರ್ಲಿನ್ನಿನ ಯಹೂದಿ ಸಮುದಾಯ ಭವನದಲ್ಲಿ ತೀವ್ರ ಎಡಪಂಥೀಯ ಗುಂಪೊಂದು ಬಾಂಬ್ ಇರಿಸಿತ್ತು. ಅದು ಸಿಡಿಯಲಿಲ್ಲ. ಆದರೆ ಇರಿಸಿದವರು ಆ ದಿನವನ್ನು ಲೆಕ್ಕ ಹಾಕಿಯೇ ಆರಿಸಿದ್ದರು.

ಈ ಪಟ್ಟಿಗಳಲ್ಲಿ ಎಂದೂ ಕಾಣದ ಹೆಸರೊಂದನ್ನು ಹೇಳಲೇಬೇಕು: ಗೇಯಾರ್ಗ್ ಎಲ್ಸರ್. ಮರಗೆಲಸದವರಾಗಿದ್ದ ಎಲ್ಸರ್, ಹಿಟ್ಲರ್ ಪ್ರತಿವರ್ಷ ಅದೇ ದಿನ ಅದೇ ಸಭಾಂಗಣಕ್ಕೆ ಬರುತ್ತಾನೆಂಬುದನ್ನು ಗಮನಿಸಿ, 1939ರಲ್ಲಿ ಮೂವತ್ತಕ್ಕೂ ಹೆಚ್ಚು ರಾತ್ರಿ ಅಲ್ಲಿ ಅಡಗಿ ಕುಳಿತು, ವೇದಿಕೆಯ ಹಿಂದಿನ ಕಂಬವನ್ನು ಕೊರೆದು ಗಡಿಯಾರದ ಬಾಂಬ್ ಇಟ್ಟರು. ಮಂಜಿನ ದೆಸೆಯಿಂದ ವಿಮಾನ ಬಿಟ್ಟು ರೈಲು ಹಿಡಿಯಬೇಕಿದ್ದ ಹಿಟ್ಲರ್ ಭಾಷಣವನ್ನು ಮೊಟಕುಗೊಳಿಸಿ 9 ಗಂಟೆ 7 ನಿಮಿಷಕ್ಕೆ ಹೊರಟ. ಬಾಂಬ್ ಸಿಡಿದದ್ದು 9 ಗಂಟೆ 20 ನಿಮಿಷಕ್ಕೆ. ಎಂಟು ಮಂದಿ ಸತ್ತರು. ಅದಕ್ಕೆ ಮೊದಲೇ ಸ್ವಿಸ್ ಗಡಿಯಲ್ಲಿ ಸಿಕ್ಕಿಬಿದ್ದಿದ್ದ ಎಲ್ಸರ್ ಅವರನ್ನು 1945ರ ಏಪ್ರಿಲ್ 9ರಂದು ದಾಖಾವ್ ಶಿಬಿರದಲ್ಲಿ ಕೊಲ್ಲಲಾಯಿತು. ನಾಜಿಗಳ ಆ ವಾರ್ಷಿಕ ಪೂಜೆಯನ್ನು ಅವರ ವಿರುದ್ಧವೇ ತಿರುಗಿಸಲು ಹೊರಟ ಮನುಷ್ಯ ಇವರು. ಆದರೆ ಸಭೆ ನಡೆದದ್ದು ನವೆಂಬರ್ 8ರಂದಾದ್ದರಿಂದ ‘ನವೆಂಬರ್ 9’ ಎಂಬ ಪಟ್ಟಿಗೆ ಇವರು ಸೇರುವುದೇ ಇಲ್ಲ. ಯಾವ ಸಂಬಂಧವೂ ಇಲ್ಲದ ಬ್ಲೂಮ್ ಸೇರುತ್ತಾರೆ.