ಆಯಿಲ್ ಚೇಂಜ್ ಅನ್ನೋ ಅರ್ಧ ಗಂಟೆ ಕೆಲಸ

ಬೈಕ್ ಆಯಿಲ್ ನಾವೇ ಚೇಂಜ್ ಮಾಡ್ಕೋಬಹುದು, ಅರ್ಧ ಗಂಟೆ ಕೆಲಸ ಅಂತ ಹೇಳೋರೆಲ್ಲ ಆ ಅರ್ಧ ಗಂಟೆ ಯಾವಾಗಿಂದ ಶುರುವಾಗತ್ತೆ ಅನ್ನೋದನ್ನ ಮಾತ್ರ ಹೇಳಲ್ಲ. ಸರಿಯಾದ ಸೈಜಿನ ಪಾನಾ ಸಿಕ್ಕಿದ ಮೇಲಿಂದನಾ, ಬಿಚ್ಚಬೇಕಾದ ಬೋಲ್ಟ್ ಯಾವುದು ಅಂತ ಗೊತ್ತಾದ ಮೇಲಿಂದನಾ, ಇಲ್ಲಾ ನೆಲ ಒರೆಸೋಕೆ ಕೂತ ಮೇಲಿಂದನಾ? ವಿಡಿಯೋದಲ್ಲಿ ಒಬ್ಬ ಇಸ್ತ್ರಿ ಮಾಡಿದ ಟೀ ಶರ್ಟ್ ಹಾಕ್ಕೊಂಡು ಕರಿ ಗ್ಲೌಸಲ್ಲಿ ಬೋಲ್ಟನ್ನ ಎರಡೇ ಬೆರಳಲ್ಲಿ ತಿರುಗಿಸಿ ತೆಗೀತಾನೆ, ಆಯಿಲ್ ಸೀದಾ ಟ್ರೇಗೆ ಬೀಳತ್ತೆ, ಕಟ್, ಮುಂದಿನ ಸೀನಲ್ಲಿ ಅವನು ಹೊಸ ಆಯಿಲ್ ಹುಯ್ಯುತ್ತಾ ಇರ್ತಾನೆ. ಆ ಕಟ್ ಇದ್ಯಲ್ಲ, ಇಡೀ ಕಥೆ ಇರೋದು ಅದರೊಳಗೇ.

ಬೈಕ್ ಜೊತೆ ಕೊಡೋ ಮ್ಯಾನುಯಲ್ ಕೂಡ ಏನು ಕಮ್ಮಿ ಇಲ್ಲ. ಎಂಜಿನ್ ಸ್ವಲ್ಪ ಬಿಸಿ ಮಾಡ್ಕೊಳ್ಳಿ ಅಂತ ಒಂದು ಸಾಲು, ಬಿಸಿ ಭಾಗಗಳನ್ನ ಮುಟ್ಟಬೇಡಿ ಅಂತ ಅದರ ಕೆಳಗೇ ಇನ್ನೊಂದು ಸಾಲು. ಎರಡೂ ಸರಿನೇ ಬಿಡಿ. ತಣ್ಣಗಿರೋ ಆಯಿಲ್ ಮಂದ ಇರತ್ತೆ, ಮೆಲ್ಲಗೆ ಇಳಿಯತ್ತೆ, ಕೊಳೆಯೆಲ್ಲ ತಳದಲ್ಲೇ ಕೂತ್ಬಿಡತ್ತೆ, ನಾಲ್ಕೈದು ನಿಮಿಷ ಎಂಜಿನ್ ಓಡಿದ್ರೆ ತೆಳ್ಳಗಾಗಿ ಕೊಳೆ ಸಮೇತ ಹೊರಗೆ ಬರತ್ತೆ. ಆದ್ರೆ ಆ ನಾಲ್ಕೈದು ನಿಮಿಷದಲ್ಲಿ ಆಯಿಲಿಗಿಂತ ಜಾಸ್ತಿ ಬಿಸಿ ಆಗೋದು ಸೈಲೆನ್ಸರಿನ ಬೆಂಡ್ ಪೈಪು, ಅದು ಎಷ್ಟೋ ಬೈಕಲ್ಲಿ ಹಳೆ ಆಯಿಲ್ ಇಳಿಸೋಕೆ ಬಿಚ್ಚೋ ಡ್ರೈನ್ ಬೋಲ್ಟಿನ ಪಕ್ಕದಲ್ಲೇ ಮೊಣಕೈಗೆ ಕಾಯ್ತಾ ಇರತ್ತೆ. ಬೋಲ್ಟ್ ಹುಡುಕೋ ಭರದಲ್ಲಿ ಅದೊಂದಿದೆ ಅನ್ನೋದು ಮರೆತೇ ಹೋಗತ್ತೆ, ಪೈಪು ಮಾತ್ರ ಮರೆಯಲ್ಲ.

ಇಂಥ ಕೆಲಸಕ್ಕೆ ಕೂತ್ರೆ ಟಾರ್ಚ್ ಹಿಡಿಯೋಕೆ ಅಂತ ಒಬ್ಬರು ಬಂದೇ ಬರ್ತಾರೆ. ನಮ್ಮಲ್ಲಿ ಆ ಡ್ಯೂಟಿ ಭಾವಮೈದಂದು. ಟಾರ್ಚ್ ಹಿಡಿಯೋರ ವಿಶೇಷ ಏನಂದ್ರೆ ಬೆಳಕು ಬೇಕಾದ ಕಡೆ ಬಿಡಲ್ಲ, ಅವರಿಗೆ ಇಂಟರೆಸ್ಟ್ ಇರೋ ಕಡೆ ಬಿಡ್ತಾರೆ. ನಾನು ಬೈಕಿನ ಕೆಳಗೆ ಕತ್ತು ತಿರುಚ್ಕೊಂಡು ಬೋಲ್ಟ್ ತಡಕಾಡ್ತಾ ಇದ್ರೆ ಇವನು ಚೈನಿಗೆ ಟಾರ್ಚ್ ಬಿಟ್ಕೊಂಡು "ಇದು ಲೂಸಾಗಿದೆ ಭಾವ" ಅಂತಾನೆ. ಲೂಸಾಗಬೇಕಾಗಿದ್ದು ಬೋಲ್ಟು, ಅದು ಜಪ್ಪಯ್ಯ ಅಂದ್ರೂ ಅಲ್ಲಾಡ್ತಿಲ್ಲ. ಅದಕ್ಕೂ ಅವನ ಹತ್ರ ಸಲಹೆ ರೆಡಿ, "ಉಲ್ಟಾ ತಿರುಗಿಸ್ತಿದ್ದೀರಾ ಅನ್ಸತ್ತೆ".

ಈ ಮಾತಲ್ಲಿ ಒಂದು ಪಾಯಿಂಟ್ ಇದೆ, ಸಿಟ್ಟು ಬಂದ್ರೂ ಒಪ್ಕೋಬೇಕು. ಬೋಲ್ಟಿನ ತಲೆಗೆ ಎದುರಾಗಿ ನೋಡಿದ್ರೆ ಎಡಕ್ಕೆ ತಿರುಗಿಸಿದ್ರೆ ಬಿಚ್ಚತ್ತೆ, ಇದು ಎಲ್ರಿಗೂ ಗೊತ್ತು. ಆದ್ರೆ ಡ್ರೈನ್ ಬೋಲ್ಟ್ ತಲೆ ಕೆಳಗೆ ಮಾಡ್ಕೊಂಡು ನೆಲ ನೋಡ್ತಿರತ್ತೆ, ನಾವು ಮೇಲಿಂದ ಬಗ್ಗಿ ಕೈ ಮಾತ್ರ ಕೆಳಗೆ ತೂರಿಸಿರ್ತೀವಿ, ಆಗ ನಮ್ಮ ಕಣ್ಣಿನ ಲೆಕ್ಕದಲ್ಲಿ ಬಿಚ್ಚೋದು ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೇ. ಬಿಚ್ತಾ ಇದೀನಿ ಅಂದ್ಕೊಂಡು ಮೈಯೆಲ್ಲ ಬಲ ಹಾಕಿ ಬಿಗಿ ಮಾಡ್ತಾ ಹೋಗೋ ಪುಣ್ಯಾತ್ಮರು ಎಷ್ಟೋ ಜನ ಇದಾರೆ. ಅದಕ್ಕೇ ನೆಲದ ಮೇಲೆ ಒಂದು ರಟ್ಟು ಹಾಕ್ಕೊಂಡು ಮಲಗಿಬಿಡೋದು ವಾಸಿ, ಮರ್ಯಾದೆ ಹೋದ್ರೂ ಥ್ರೆಡ್ ಉಳಿಯತ್ತೆ.

ಇನ್ನು ಬೋಲ್ಟ್ ಬಿಚ್ಚಿಕೊಳ್ಳೋ ಆ ಕ್ಷಣ. ಕೊನೆ ಸುತ್ತು ಯಾವುದು ಅಂತ ಯಾವ ಬೋಲ್ಟೂ ಹೇಳಿ ಬಿಚ್ಚಲ್ಲ. ಬೆರಳಲ್ಲಿ ಸುತ್ತುತಾ ಇರ್ತೀವಿ, ಬೋಲ್ಟಿನ ಅಂಚಲ್ಲಿ ಸಣ್ಣಗೆ ಒಂದು ಕಪ್ಪು ಗೆರೆ ಕಾಣತ್ತೆ, ಆ ಗೆರೆ ಅಂಗೈ ದಾಟಿ ಮಣಿಕಟ್ಟಿಗೆ ಬರತ್ತೆ, ಅಲ್ಲಿಂದ ತೋಳಿನ ಒಳಗಡೆ ಬೆಚ್ಚಗೆ ಮೊಣಕೈವರೆಗೂ ಇಳಿಯತ್ತೆ, ಅದೇ ಹೊತ್ತಿಗೆ ಬೋಲ್ಟ್ ಕಳಚ್ಕೊಂಡು ಟ್ರೇ ಒಳಗೆ ಮುಳುಗತ್ತೆ. ಅದನ್ನ ಬಿಸಿ ಬಿಸಿ ಆಯಿಲಲ್ಲಿ ಹುಡುಕೋದು ಬೇರೆ ಕೆಲಸ. ಆದ್ರೆ ಅಸಲಿ ಆಟ ಆಡೋದು ಧಾರೆ. ಶುರುವಿಗೆ ಅದು ಕೆಳಗೆ ಬೀಳೋದೇ ಇಲ್ಲ, ಬೋಲ್ಟ್ ಒಂಚೂರು ಓರೆ ಇರೋ ಎಂಜಿನ್ನಲ್ಲಂತೂ ಪಕ್ಕಕ್ಕೆ ಚಿಮ್ಮತ್ತೆ. ಟ್ರೇ ಅಲ್ಲಿಗೆ ಸರಿಸಿದ್ರೆ ಒಳಗಡೆ ಆಯಿಲ್ ಕಮ್ಮಿ ಆಗ್ತಾ ಧಾರೆಯ ಜೋರೂ ಕಮ್ಮಿ ಆಗಿ ಹಿಂದೆ ಹಿಂದೆ ಬರತ್ತೆ, ಕೊನೆಗೆ ಟ್ರೇ ಇಲ್ಲದ ಕಡೆ ತೊಟಕ್ ತೊಟಕ್ ಅಂತ ನಿಲ್ಲತ್ತೆ. ದ್ರವದ ಎತ್ತರ ಇಳಿದಷ್ಟೂ ಧಾರೆಯ ವೇಗ ಇಳಿಯತ್ತೆ ಅಂತ ಇಟಲಿಯ ಟೊರಿಚೆಲ್ಲಿ 1644 ರಲ್ಲೇ ಅಚ್ಚು ಹಾಕ್ಸಿದ್ದ. ಪಾಪ ಅವನು ಪ್ರಯೋಗ ಮಾಡಿದ್ದು ನೀರಲ್ಲಿ, ನೆಲ ತಾನಾಗೇ ಒಣಗಿರತ್ತೆ.

ಟ್ರೇ ಸರಿಸೋ ಅಂದ್ರೆ ನಮ್ಮ ಟಾರ್ಚಿನವನು ಕಾಲಲ್ಲಿ ಸರಿಸಿದ. ಮುಂದಿನದ್ದು ಬರೆಯೋದು ಬೇಡ. ಒಂದೇ ಮಾತು, ಹಿಂದಿನ ಟೈರಿಗೆ ಒಂದು ತೊಟ್ಟು ಆಯಿಲ್ ತಾಗಿದ್ರೂ ಸೋಪು ನೀರು ಹಾಕಿ ತಿಕ್ಕಿ ತೊಳೀರಿ, ಒರೆಸಿದ್ರೆ ಸಾಕು ಅಂತ ಬಿಟ್ರೆ ಮೊದಲ ತಿರುವಿನಲ್ಲೇ ಬೈಕ್ ನಿಮ್ಮನ್ನ ಬಿಟ್ಟು ಒಬ್ಬಂಟಿಯಾಗಿ ಹೋಗತ್ತೆ.

ಆಮೇಲೆ ವಾಷರ್. ಬೋಲ್ಟಿಗೂ ಎಂಜಿನ್ನಿಗೂ ಮಧ್ಯೆ ತಾಮ್ರದ್ದೋ ಅಲ್ಯೂಮಿನಿಯಮ್ಮಿಂದೋ ಒಂದು ಸಣ್ಣ ಬಳೆ ಇರತ್ತೆ, ಬಿಗಿ ಮಾಡಿದಾಗ ಅದು ನಜ್ಜಾಗಿ ಸಂದು ಮುಚ್ಚತ್ತೆ, ಅದಕ್ಕೇ ಪ್ರತಿ ಸಲ ಹೊಸದು ಹಾಕಿ ಅಂತಾರೆ. ಹಳೆ ವಾಷರ್ ಸೋರ್ತಿದೆ ಅಂತ ಬೋಲ್ಟನ್ನ ಇನ್ನೂ ಬಿಗಿ ಮಾಡೋಕೆ ಹೋಗ್ತಾರಲ್ಲ, ಅಲ್ಲಿಗೆ ಅರ್ಧ ಗಂಟೆ ಕೆಲಸ ಅರ್ಧ ತಿಂಗಳಿಗೆ ಹೋಗತ್ತೆ. ಬೋಲ್ಟ್ ಉಕ್ಕಿಂದು, ಎಂಜಿನ್ ತಳ ಅಲ್ಯೂಮಿನಿಯಮ್ಮಿಂದು, ಸೋಲೋದು ಯಾವಾಗ್ಲೂ ಎಂಜಿನ್ನೇ. ತುಂಬಾ ಬೈಕುಗಳಲ್ಲಿ ಡ್ರೈನ್ ಬೋಲ್ಟಿಗೆ 25 ನ್ಯೂಟನ್ ಮೀಟರ್ ಆಸುಪಾಸು ಟಾರ್ಕ್, ಅಂದ್ರೆ ತಿರುಗಿಸೋ ಬಲ, ಹೇಳಿರ್ತಾರೆ, ಅಂದ್ರೆ 20 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ ಸುಮಾರು 13 ಕೆಜಿ ತೂಕ ನೇತು ಹಾಕಿದಷ್ಟು, ಅಷ್ಟೇ. ಆದ್ರೆ ಮನುಷ್ಯನ ಸ್ವಭಾವ ಹಂಗಲ್ವಲ್ಲ, ದಾರೀಲಿ ಬಿಚ್ಚೋದ್ರೆ ಅನ್ನೋ ಭಯಕ್ಕೆ ಇನ್ನೊಂಚೂರು, ಮತ್ತೆ ಸಮಾಧಾನಕ್ಕೆ ಇನ್ನೊಂಚೂರು. ಬಿಗಿ ಆಗ್ತಾ ಆಗ್ತಾ ಇದ್ದ ಬೋಲ್ಟ್ ಇದ್ದಕ್ಕಿದ್ದಂಗೆ ಮೆತ್ತಗಾಗಿ ಆರಾಮಾಗಿ ತಿರುಗೋಕೆ ಶುರು ಆದ್ರೆ ಖುಷಿ ಪಡಬೇಡಿ, ಥ್ರೆಡ್ ಹೋಯ್ತು ಅಂತ ಅರ್ಥ. ಟಾರ್ಕ್ ರೆಂಚ್ ಇಲ್ದೇ ಇದ್ರೆ ಪಾನಾನ ತುದೀಲಿ ಹಿಡೀದೆ ಗಿಡ್ಡಕ್ಕೆ ಹಿಡಿದು ಬಿಗಿ ಮಾಡೋದು ಒಳ್ಳೇದು, ಹುಮ್ಮಸ್ಸು ಇದ್ರೂ ಅಷ್ಟು ಬಲ ಬೀಳಲ್ಲ.

ಫಿಲ್ಟರ್ ವಿಷಯಕ್ಕೆ ಬಂದ್ರೆ ಎರಡು ಜಾತಿ. ಒಂದು ಡಬ್ಬಿ ಥರದ್ದು, ಇಡೀ ಡಬ್ಬಿನೇ ತಿರುಗಿಸಿ ತೆಗೆಯೋದು. ಅದು ಕೈಗೆ ಸಿಗಲ್ಲ, ಸಿಕ್ರೂ ಜಾರತ್ತೆ, ಕೊನೆಗೆ ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸಿ ಅಂತ ಯಾರೋ ಹೇಳಿರ್ತಾರೆ, ಚುಚ್ಚಿದ್ರೆ ಡಬ್ಬಿ ಹರಿದು ಬರತ್ತೆ ವಿನಾ ತಿರುಗಲ್ಲ, ಜೊತೆಗೆ ಆ ತೂತಿಂದ ಇನ್ನೊಂದು ಧಾರೆ. ಅದರ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟ್ಕೊಂಡು ಉಳಿದಿರತ್ತೆ, ನೋಡ್ದೇ ಹೊಸದನ್ನ ಹಾಕಿದ್ರೆ ರಿಂಗ್ ಮೇಲೆ ರಿಂಗ್ ಕೂತು, ಸ್ಟಾರ್ಟ್ ಮಾಡಿದ ಕೂಡ್ಲೇ ಹೊಸ ಆಯಿಲ್ ಎಲ್ಲ ಹೊರಗೆ. ಹೊಸ ರಿಂಗಿಗೆ ಬೆರಳಲ್ಲಿ ಒಂಚೂರು ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಿದ್ರೆ ಸಾಕು. ಇನ್ನೊಂದು ಜಾತಿ ಕಾಗದದ ಎಲಿಮೆಂಟು, ಸಣ್ಣ ಬೋಲ್ಟುಗಳಿರೋ ಮುಚ್ಚಳದ ಹಿಂದೆ ಸ್ಪ್ರಿಂಗ್ ಸಮೇತ ಕೂತಿರತ್ತೆ. ಮುಚ್ಚಳ ತೆಗೆದ ತಕ್ಷಣ ಸ್ಪ್ರಿಂಗ್ ಹಾರತ್ತೆ. ಎಲ್ಲಿಂದ ಹಾರ್ತು ಅನ್ನೋದು ಯಾರೂ ನೋಡಿರಲ್ಲ. ಅದು ಫಿಲ್ಟರಿನ ಒಳಗಡೆದಾ ಹೊರಗಡೆದಾ ಅಂತ ನಾವು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರೆ ಭಾವಮೈದ "ಇಲ್ದಿದ್ರೂ ನಡೆಯತ್ತೆ, ಒಂದು ಎಕ್ಸ್‌ಟ್ರಾ ಕೊಟ್ಟಿರ್ತಾರೆ" ಅಂದ. ಎಂಜಿನ್ ಒಳಗಡೆ ಎಕ್ಸ್‌ಟ್ರಾ ಪಾರ್ಟ್ ಇಟ್ಟು ಕಳಿಸೋ ಉದಾರಿ ಕಂಪನಿ ಇನ್ನೂ ಹುಟ್ಟಿಲ್ಲ. ಈ ಫಿಲ್ಟರಿಗೆ ಒಳಗು ಹೊರಗು ಇದೆ, ಕೆಲವದರ ಮೇಲೆ ಹೊರಗಡೆ ಬರಬೇಕಾದ ಮುಖ ಯಾವುದು ಅಂತ ಬರೆದೇ ಇರತ್ತೆ, ಉಲ್ಟಾ ಹಾಕಿದ್ರೆ ಆಯಿಲ್ ಹೋಗೋ ದಾರಿಗೆ ಬಾಗಿಲು ಬಿದ್ದು ಎಂಜಿನ್ನೇ ಸೀಯಬಹುದು. ಬಿಚ್ಚೋ ಮುಂಚೆ ಒಂದು ಫೋಟೋ ತೆಗೀರಿ, ಗ್ಲೌಸ್ ಹಾಕ್ಕೊಳ್ಳೋ ಮುಂಚೆ ತೆಗೀರಿ.

ಯಾವ ಆಯಿಲ್ ಅನ್ನೋದಕ್ಕೆ ಎಲ್ರ ಹತ್ರನೂ ಅಭಿಪ್ರಾಯ ಇದೆ, ಅದನ್ನೆಲ್ಲ ಕೇಳ್ತಾ ಕೂತ್ರೆ ಬೈಕೇ ಹಳೇದಾಗತ್ತೆ. ಆಯಿಲ್ ಎಷ್ಟು ಮಂದ ಇರಬೇಕು ಅನ್ನೋದಕ್ಕೆ ಮ್ಯಾನುಯಲ್ಲಲ್ಲಿ 10ಡಬ್ಲ್ಯೂ-40 ಅಂತಿದ್ರೆ ಅದೇ, ಗೇರ್ ಬೈಕಾದ್ರೆ ಡಬ್ಬಿ ಮೇಲೆ ಜಾಸೋ ಅನ್ನೋ ಜಪಾನಿ ಸ್ಟ್ಯಾಂಡರ್ಡಿನ ಎಂಎ ಅಥವಾ ಎಂಎ2 ಗುರುತು ಇದ್ಯಾ ನೋಡ್ಬೇಕು, ಯಾಕಂದ್ರೆ ಹೆಚ್ಚಿನ ಬೈಕುಗಳಲ್ಲಿ ಕ್ಲಚ್ಚೂ ಅದೇ ಆಯಿಲಲ್ಲಿ ಮುಳುಗಿರತ್ತೆ. ಉಳಿದಿದೆ ಅಂತ ಕಾರಿನ ಆಯಿಲ್ ಹುಯ್ದ್ರೆ ಅದರಲ್ಲಿರೋ ಜಾರೋ ಮದ್ದಿಗೆ ಕ್ಲಚ್ ಪ್ಲೇಟುಗಳು ಹಿಡಿತ ಬಿಡಬಹುದು, ಆಕ್ಸಿಲರೇಟರ್ ಕೊಟ್ರೆ ಸೌಂಡ್ ಮಾತ್ರ ಮುಂದೆ ಹೋಗತ್ತೆ.

ಹುಯ್ಯೋ ಅಳತೇನೂ ಒಂದೇ ಇರಲ್ಲ. ಬರೀ ಆಯಿಲ್ ಬದಲಿಸಿದ್ರೆ ಒಂದು, ಫಿಲ್ಟರೂ ಬದಲಿಸಿದ್ರೆ ಇನ್ನೊಂಚೂರು ಜಾಸ್ತಿ, ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ್ರೆ ಮೂರನೇದು. ದೊಡ್ಡ ನಂಬರ್ ಕಣ್ಣಿಗೆ ಬೀಳತ್ತೆ ಅಂತ ಅಷ್ಟನ್ನೂ ಸುರಿದ್ರೆ ಆಯಿಲ್ ಜಾಸ್ತಿಯಾಗಿ ನೊರೆ ಬಂದು ಏರ್ ಫಿಲ್ಟರ್ ಡಬ್ಬಿಗೂ ಹತ್ತತ್ತೆ. ಹುಯ್ದ ಮೇಲೆ ಎಂಜಿನ್ ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಸ್ವಲ್ಪ ಕಾದು, ಬೈಕ್ ನೆಟ್ಟಗೆ ನಿಲ್ಲಿಸಿ ನೋಡ್ಬೇಕು, ಹೊಸ ಫಿಲ್ಟರ್ ತನ್ನ ಪಾಲು ಕುಡಿದಿರೋದ್ರಿಂದ ಮಟ್ಟ ಇಳಿದಿರತ್ತೆ. ಸೈಡ್ ಸ್ಟ್ಯಾಂಡಲ್ಲಿ ನೋಡಿದ್ರೆ ಸುಳ್ಳು ಹೇಳತ್ತೆ. ಮಟ್ಟ ನೋಡೋ ಕಡ್ಡಿ, ಅದೇ ಡಿಪ್‌ಸ್ಟಿಕ್ಕನ್ನ ತಿರುಗಿಸಿ ಕೂರಿಸಿ ನೋಡ್ಬೇಕಾ, ಸುಮ್ನೆ ಇಟ್ಟು ನೋಡ್ಬೇಕಾ ಅನ್ನೋದು ಒಂದೊಂದು ಬೈಕಿಗೆ ಒಂದೊಂದು ಥರ, ನಮ್ಮದು ಸುಮ್ನೆ ಇಟ್ಟು ನೋಡೋ ಜಾತಿ. ಒರೆಸು, ಇಡು, ತೆಗಿ, ಟಾರ್ಚ್ ಬಿಡೋ, ಇಲ್ಲಿ ಬಿಡೋ, ಕಣ್ಣಿಗಲ್ಲ ಕಡ್ಡಿಗೆ ಬಿಡೋ.

ಎಲ್ಲ ಮುಗಿದು ಹಳೆ ಆಯಿಲನ್ನ ಆಳಿಕೆ ಇಟ್ಟು ಖಾಲಿ ಡಬ್ಬಿಗೆ ತುಂಬಿದ್ವಿ, ಅದನ್ನ ಚರಂಡಿಗೋ ಮಣ್ಣಿಗೋ ಸುರಿಯೋ ಹಂಗಿಲ್ಲ, ಹಳೆ ಆಯಿಲ್ ತಗೊಳ್ಳೋರಿಗೇ ಕೊಡ್ಬೇಕು. ಡಬ್ಬಿ ಮೇಲೆ ಮಾರ್ಕರಲ್ಲಿ ಹಳೇದು ಅಂತ ದೊಡ್ಡದಾಗಿ ಬರೆಸಿದೆ. ತುಂಬಿದ ಮೇಲೆ ನೋಡಿದ್ರೆ ಲೆಕ್ಕ ಟ್ಯಾಲಿ ಆಗ್ತಿಲ್ಲ, ಒಳಗಡೆ ಹುಯ್ದಿದ್ದಕ್ಕಿಂತ ಹೊರಗೆ ಬಂದಿದ್ದು ಸುಮಾರು ಕಮ್ಮಿ. ಎಂಜಿನ್ ಒಂಚೂರು ಸುಟ್ಟಿರತ್ತೆ, ಒಂಚೂರು ಒಳಗಡೆ ಸಂದಿಗಳಲ್ಲಿ ಉಳಿದಿರತ್ತೆ, ರಟ್ಟಿನ ಮೇಲಿಂದು, ನನ್ನ ತೋಳಿಂದು, ಫೋನ್ ಕವರಿನ ಹಿಂದಿಂದು ಎಲ್ಲ ಸೇರಿಸಿದ್ರೂ ಇನ್ನೂ ಬಾಕಿ ಇತ್ತು. ಭಾವಮೈದ ಸೋಫಾದಿಂದ ಎದ್ದ ಮೇಲೆ ಗೊತ್ತಾಯ್ತು.