ಮಗುವಿನ ದೂರು ಯಾರ ಟೇಬಲ್ಲಿಗೆ ಹೋಗುತ್ತೆ?

ನಮ್ಮ ದಾವಣಗೆರೆಯಲ್ಲಿ ಹಾಸ್ಟೆಲ್‌ಗಳಿಗೆ ಬರವಿಲ್ಲ. ಜಗಳೂರು, ಚನ್ನಗಿರಿ ಕಡೆಯ ಎಷ್ಟೋ ಮಕ್ಕಳು ಇಲ್ಲೇ ಉಳಿದು ಓದುತ್ತಾರೆ. ಅವರಲ್ಲಿ ಒಬ್ಬಳಿಗೆ ಹಾಸ್ಟೆಲ್‌ನಲ್ಲಿ ತೊಂದರೆ ಆಯಿತು ಅಂದುಕೊಳ್ಳಿ. ಯಾರಿಗೆ ಹೇಳಬೇಕು? ವಾರ್ಡನ್‌ಗೆ. ವಾರ್ಡನ್ ಮೇಲೇ ದೂರಿದ್ದರೆ? ತಾಲ್ಲೂಕು ಅಧಿಕಾರಿಗೆ, ಆಮೇಲೆ ಜಿಲ್ಲಾ ಅಧಿಕಾರಿಗೆ. ಎಲ್ಲರೂ ಒಂದೇ ಇಲಾಖೆಯವರು. ದೂರು ಸುತ್ತಾಡಿ ಕೊನೆಗೆ ‘ವರದಿ ಕೊಡಿ’ ಅಂತ ಬರುವುದು ಅದೇ ವಾರ್ಡನ್ ಕೈಗೆ. ಆ ಹುಡುಗಿ ರಾತ್ರಿ ತಟ್ಟೆ ಹಿಡಿದು ನಿಲ್ಲಬೇಕಾದ್ದೂ ಅವರ ಮುಂದೆಯೇ.

ಯಾವ ಇಲಾಖೆಯ ಹಂಗೂ ಇಲ್ಲದ ಒಬ್ಬರು ಮಕ್ಕಳ ಪರ ಇರಲೇಬೇಕು ಅಂತ ನಾನು ಹೇಳುವುದು ಇದಕ್ಕೇ.

ಒಂದು ಹಳ್ಳಿಯ ಮಕ್ಕಳ ಗ್ರಾಮಸಭೆಗೆ ಹೋಗಿದ್ದೆ. ಶಾಮಿಯಾನ, ಹಾರ, ಭಾಷಣ ಎಲ್ಲಾ ಜೋರಾಗಿತ್ತು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಮೈಕ್ ಹಿಡಿದು, ‘ಸರ್, ಹೆಣ್ಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿರ್ತಾರೆ. ಕೀ ಆಫೀಸ್ ರೂಮಲ್ಲಿರುತ್ತೆ. ಹೋಗಿ ಕೇಳೋಕೆ ನಾಚ್ಕೆ ಆಗುತ್ತೆ’ ಅಂದಳು. ವೇದಿಕೆ ಮೇಲಿದ್ದ ಮೇಷ್ಟ್ರು ಒಮ್ಮೆ ದಿಟ್ಟಿಸಿ ನೋಡಿದರು, ಅಷ್ಟೇ. ಮಾತು ಅಲ್ಲಿಗೇ ನಿಂತಿತು. ಮೈಕ್ ಪಕ್ಕದ ಹುಡುಗನಿಗೆ ಹೋಯಿತು. ಅವನು ಆಟದ ಮೈದಾನ ಕೇಳಿದ. ಅದನ್ನು ಖುಷಿಯಿಂದ ಬರೆದುಕೊಂಡರು. ಎಲ್ಲರೆದುರು ಅಷ್ಟು ಹೇಳಲು ಆ ಹುಡುಗಿಗೆ ಎಂಥ ಧೈರ್ಯ ಬೇಕಾಗಿತ್ತು ಯೋಚಿಸಿ. ಬೀಗದ ವಿಷಯ ಆಮೇಲೆ ಯಾರೂ ಎತ್ತಲಿಲ್ಲ.

‘ಮಕ್ಕಳ ಹಕ್ಕುಗಳ ಆಯೋಗ ಇದೆಯಲ್ಲ’ ಅನ್ನಬಹುದು. ಇದೆ. 2005ರ ಕಾಯ್ದೆಯ ಪ್ರಕಾರ ರಾಜ್ಯದಲ್ಲಿ ಒಬ್ಬ ಅಧ್ಯಕ್ಷರು, ಆರು ಸದಸ್ಯರು. ಸಾಕ್ಷಿಗಳನ್ನು ಕರೆಸಿ ವಿಚಾರಣೆ ಮಾಡಬಹುದು. ಆದರೆ ಕೊನೆಗೆ ಮಾಡಬಹುದಾದದ್ದು ಹೆಚ್ಚಾಗಿ ಶಿಫಾರಸು. ಇನ್ನು ಅಧ್ಯಕ್ಷರ ಹೆಸರು ಸೂಚಿಸುವ ಮೂವರ ಸಮಿತಿಗೆ ಮುಖ್ಯಸ್ಥರು ಯಾರು ಗೊತ್ತಾ? ಮಕ್ಕಳ ಇಲಾಖೆಯ ಮಂತ್ರಿ! ಯಾವ ಇಲಾಖೆಯನ್ನು ಪ್ರಶ್ನೆ ಮಾಡಬೇಕೋ ಅದರ ಮಂತ್ರಿಯೇ ಪ್ರಶ್ನೆ ಕೇಳುವವರನ್ನು ಆರಿಸುವುದು. ರಾಜ್ಯ ಮಾನವ ಹಕ್ಕುಗಳ ಆಯೋಗದ ಆಯ್ಕೆ ಸಮಿತಿಯಲ್ಲಿ ವಿರೋಧ ಪಕ್ಷದ ನಾಯಕರಿಗೂ ಜಾಗ ಇದೆ. ದೊಡ್ಡವರ ಹಕ್ಕಿಗೆ ಇರುವ ಈ ಎಚ್ಚರಿಕೆ ಮಕ್ಕಳಿಗೆ ಯಾಕಿಲ್ಲ?

ಮಕ್ಕಳ ಸಹಾಯವಾಣಿ 1098 1996ರಲ್ಲಿ ಮುಂಬೈನಲ್ಲಿ ಶುರುವಾಯಿತು. ಎಷ್ಟೋ ವರ್ಷ ಸ್ವಯಂಸೇವಾ ಸಂಸ್ಥೆಗಳವರೇ ಊರೂರಲ್ಲಿ ಅದರ ಕೆಲಸ ಮಾಡುತ್ತಿದ್ದರು. 2023ರಿಂದ ಅದೂ ಸರ್ಕಾರದ ಕೈಗೆ ಬಂತು. ಅಲ್ಲಿರುವವರು ಕೆಟ್ಟವರು ಅಂತ ಖಂಡಿತ ಹೇಳುತ್ತಿಲ್ಲ. ರಾತ್ರೋರಾತ್ರಿ ಹೋಗಿ ಬಾಲ್ಯವಿವಾಹ ನಿಲ್ಲಿಸುವವರಿದ್ದಾರೆ, ಅವರಿಗೆ ಕೈ ಮುಗಿಯಬೇಕು. ಆದರೆ ತನ್ನ ಮೇಲಧಿಕಾರಿಯ ತಪ್ಪನ್ನೇ ಬರೆಯಬೇಕಾಗಿ ಬಂದಾಗ ಎಂಥ ಒಳ್ಳೆಯವರ ಪೆನ್ನೂ ತಡವರಿಸುತ್ತದೆ.

ನಾರ್ವೆ 1981ರಲ್ಲೇ ಮಕ್ಕಳಿಗಾಗಿ ಒಬ್ಬ ಸ್ವತಂತ್ರ ಅಧಿಕಾರಿಯನ್ನು ನೇಮಿಸಿತು. ವೇಲ್ಸ್‌ನಲ್ಲಿ 2001ರಲ್ಲಿ ಮೊದಲ ಮಕ್ಕಳ ಕಮಿಷನರ್‌ ಬಂದರು. ಅವರನ್ನು ಆರಿಸುವಾಗ ಮಕ್ಕಳೂ ಸಂದರ್ಶನ ಮಾಡಿದ್ದರು. ನಮ್ಮ ದೇಶ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಒಪ್ಪಿಗೆ ಕೊಟ್ಟಿದ್ದು 1992ರಲ್ಲಿ. ಈಗಲೂ ಚಿತ್ರದುರ್ಗದ ಹಟ್ಟಿಯ ಮಗು ಆಯೋಗದ ಬಾಗಿಲು ತಟ್ಟಬೇಕು ಅಂದರೆ ಬೆಂಗಳೂರಿನ ಕಡೆಗೇ ನೋಡಬೇಕು.

‘ಇನ್ನೊಂದು ಆಫೀಸು, ಇನ್ನೊಂದು ಖರ್ಚು’ ಅಂತ ಗೆಳೆಯರೊಬ್ಬರು ಅಂದರು. ಮಂಡಕ್ಕಿ ಭಟ್ಟಿಗಳಲ್ಲಿ ಮಕ್ಕಳು ದುಡಿದ ಕಥೆ ಈ ಊರಿಗೆ ಹೊಸದಲ್ಲ. ದಾಳಿ ಆದ ಮರುದಿನ ಪೇಪರಲ್ಲಿ ಫೋಟೋ ಬರುತ್ತದೆ. ಆರು ತಿಂಗಳು ಬಿಟ್ಟು, ಆ ಹುಡುಗ ಶಾಲೆಯಲ್ಲಿದ್ದಾನಾ ಅಂತ ಹೋಗಿ ನೋಡಿ, ಇಲ್ಲದಿದ್ದರೆ ಯಾಕಿಲ್ಲ ಅಂತ ಡಿಸಿಯನ್ನೇ ಕೇಳುವವರು ಯಾರು? ಅಂಥವರಿಗೆ ಸಂಬಳ ಕೊಡುವುದು ದಂಡ ಅಂತ ನನಗೆ ಅನ್ನಿಸುವುದಿಲ್ಲ.

ಜಿಲ್ಲೆಗೊಬ್ಬರು ಬೇಕು. ಆಯ್ಕೆಯಲ್ಲಿ ಮಂತ್ರಿಯ ಜೊತೆ ವಿರೋಧ ಪಕ್ಷದವರೂ, ಒಬ್ಬ ನ್ಯಾಯಾಧೀಶರೂ ಇರಬೇಕು. ಕೊಟ್ಟ ಶಿಫಾರಸು ಒಪ್ಪದಿದ್ದರೆ ಯಾಕೆ ಅಂತ ಸರ್ಕಾರ ಎಲ್ಲರಿಗೂ ಕಾಣುವಂತೆ ಬರೆದು ತಿಳಿಸಬೇಕು. ನಿಮ್ಮ ಎಂಎಲ್‌ಎ ಮದುವೆ ಮನೆಯಲ್ಲೋ ಜಾತ್ರೆಯಲ್ಲೋ ಸಿಕ್ಕರೆ ಈ ಮೂರು ಮಾತು ಕೇಳಿ. ಅಲ್ಲಿತನಕ 1098 ಮರೆಯಬೇಡಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಖರ್ಚಾಗುವುದಿಲ್ಲ.